ತೇಯುವ ಕೊರಡು, ಭಟ್ಟಿಗೆ ಬಿದ್ದ ಬೇರು

(ಮೂಗೂರಿನಲ್ಲಿ ಸುತ್ತಲಿನ ರೈತರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮೂಗೂರಿನ ತ್ರಿಪುರಸುಂದರಿ ಅಮ್ಮನವರ ಗುಡಿಯಿಂದ ಹಿಡಿದು ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯವರೆಗೆ, ಕಪಿಲಾ ಕಾವೇರಿಗಳ ನಡುವಣ ಈ ನೆಲದಲ್ಲಿ ಸಾಣೆಕಲ್ಲಿಲ್ಲದ ದೇವರಮನೆ ಅಪರೂಪ. ಕಲ್ಲಿನ ಮೇಲೆ ನಾಲ್ಕು ಹನಿ ನೀರು, ಅದರ ಮೇಲೆ ಗೇಣುದ್ದದ ಶ್ರೀಗಂಧದ ಕೊರಡು, ಹತ್ತಿಪ್ಪತ್ತು ಸುತ್ತು ತೇದರೆ ಅಂಗೈಯಲ್ಲಿ ಹಿಡಿಯುವಷ್ಟು ಗಂಧ. ಪೂಜೆಗೂ ಅದೇ, ಮಗುವಿನ ಬೆವರುಸಾಲೆಗೂ ಅದೇ, ಬಿಸಿಲಿನಲ್ಲಿ ದುಡಿದು ಬಂದವರ ಹಣೆಗೂ ಅದೇ. ಹೀಗೆ ತೇಯುವ ಒಂದು ಕೊರಡು ಒಂದು ಮನೆಗೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಅದೇ ಮರದಿಂದ ಎಣ್ಣೆ ತೆಗೆಯಬೇಕಾದರೆ ಕೊರಡು ಸಾಲದು. ಮರವನ್ನು ಬೇರುಸಹಿತ ಅಗೆದು ತೆಗೆಯಬೇಕಾಗುತ್ತದೆ. ಈ ಎರಡು ಬಳಕೆಗಳ ನಡುವಣ ಅಂತರವೇ ಇಂದಿನ ಉಪನ್ಯಾಸದ ವಿಷಯ. ಶ್ರೀಗಂಧದ ಎಣ್ಣೆಯಲ್ಲಿ ಔಷಧಿಯ ಗುಣ ನಿಜವಾಗಿ ಎಷ್ಟಿದೆ, ಅದರ ಹೆಸರಿನಲ್ಲಿ ಹೊಲದ ಬದುವಿನಿಂದ ಮರ ಹೇಗೆ ಮರೆಯಾಯಿತು, ಅದು ಮರಳಿ ಬರಬೇಕಾದರೆ ಏನು ಆಗಬೇಕು ಎಂಬುದನ್ನು ವಿಚಾರ ಮಾಡಬೇಕಾಗಿದೆ.

ಮೊದಲು ಮರದ ಸ್ವಭಾವ. ಶ್ರೀಗಂಧದ ಸಸ್ಯಶಾಸ್ತ್ರೀಯ ಹೆಸರು ಸಂಟಾಲಮ್ ಆಲ್ಬಮ್. ಇದು ದಟ್ಟ ಮಳೆಕಾಡಿನ ಮರವಲ್ಲ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ತಪ್ಪಲಿನ ಕುರುಚಲು ಕಾಡು, ಒಣ ಎಲೆಯುದುರುವ ಕಾಡು, ಕೆಂಪು ಮಣ್ಣಿನ ಹೊಲಗಳ ಬೇಲಿಸಾಲು ಇದರ ತವರು. ಹಸಿರು ಎಲೆ ಇರುವುದರಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಬಲ್ಲದಾದರೂ, ನೀರು ಮತ್ತು ಲವಣಗಳ ಬಹುಭಾಗವನ್ನು ಪಕ್ಕದ ಗಿಡಗಳ ಬೇರಿನಿಂದ ಹೀರಿಕೊಳ್ಳುತ್ತದೆ. ಇದರ ಬೇರಿನ ತುದಿಯಲ್ಲಿ ಸಣ್ಣ ಗುಂಡಿಯಂತಹ ಹೀರುಬೇರುಗಳು ಮೂಡಿ ನೆರೆಯ ಬೇರಿಗೆ ಅಂಟಿಕೊಳ್ಳುತ್ತವೆ. ಹೊಂಗೆ, ಬೇವು, ಜಾಲಿ, ಸರ್ವೆ, ತೊಗರಿ, ಕೊನೆಗೆ ಹುಲ್ಲು ಕೂಡ ಇದಕ್ಕೆ ಆಶ್ರಯವಾಗಬಲ್ಲವು. ಆದ್ದರಿಂದಲೇ ವಿಜ್ಞಾನಿಗಳು ಇದನ್ನು ಅರೆಪರಾವಲಂಬಿ ಎಂದು ಕರೆಯುತ್ತಾರೆ. ಹಲವು ಜಾತಿಯ ಗಿಡಗಳು ಕೂಡಿ ಬೆಳೆಯುವ ಹಳೆಯ ಬೇಲಿಯಲ್ಲಿ ಶ್ರೀಗಂಧ ಸೊಗಸಾಗಿ ಬೆಳೆಯುತ್ತಿದ್ದುದಕ್ಕೂ, ಒಂದೇ ಜಾತಿಯನ್ನು ಸಾಲಾಗಿ ನೆಟ್ಟ ತೋಪಿನಲ್ಲಿ ಸೊರಗುವುದಕ್ಕೂ ಕಾರಣ ಇದೇ.

ಹಣ್ಣಾದಾಗ ಕಾಯಿ ಕಪ್ಪು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹಳ್ಳಿಯ ಮಕ್ಕಳಿಗೆ ಅದರ ರುಚಿ ಗೊತ್ತು. ಪಿಕಳಾರ, ಕುಟ್ರುಹಕ್ಕಿ, ಗೊರವಂಕ, ಕೋಗಿಲೆಗಳಿಗೂ ಗೊತ್ತು. ಹಣ್ಣು ತಿಂದ ಹಕ್ಕಿ ಬೇಲಿಯ ಮೇಲೆ ಕುಳಿತು ಬೀಜ ಉದುರಿಸುತ್ತದೆ. ಬೀಜ ಬಿದ್ದ ಜಾಗದಲ್ಲಿ ಆಶ್ರಯಗಿಡವೂ ಸಿದ್ಧವಾಗಿರುತ್ತದೆ. ಈ ಸೀಮೆಯ ಹಳೆಯ ಗಂಧದ ಮರಗಳಲ್ಲಿ ಹೆಚ್ಚಿನವನ್ನು ಯಾರೂ ನೆಟ್ಟವರಲ್ಲ.

ಪರಿಮಳ ಇರುವುದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಬೆಳ್ಳನೆಯ ಹೊರಮರಕ್ಕೆ ವಾಸನೆ ಇಲ್ಲವೆಂದೇ ಹೇಳಬೇಕು. ಮರಕ್ಕೆ ಹತ್ತು ವರ್ಷದ ಆಸುಪಾಸಿನಲ್ಲಿ ಚೇಗು ಕಟ್ಟಲು ಆರಂಭವಾಗುತ್ತದೆ. ಒಳ್ಳೆಯ ಚೇಗು ದೊರೆಯಲು ಇಪ್ಪತ್ತೈದು ಮೂವತ್ತು ವರ್ಷ ಬೇಕು. ಎಣ್ಣೆಯ ಅಂಶ ಬೇರಿನಲ್ಲಿ ಅತಿ ಹೆಚ್ಚು, ಬುಡದಿಂದ ಮೇಲೆ ಹೋದಂತೆಲ್ಲ ಕಡಿಮೆ. ಈ ಒಂದು ಸಂಗತಿಯೇ ಮರಕ್ಕೆ ಮುಳುವಾಯಿತು. ತೇಗ, ಹೊನ್ನೆಗಳನ್ನು ಬುಡದಲ್ಲಿ ಕಡಿದರೆ ಕೂಳೆಯಿಂದ ಮತ್ತೆ ಚಿಗುರು ಬರುತ್ತದೆ. ಶ್ರೀಗಂಧವನ್ನು ಕಡಿಯುವುದಿಲ್ಲ, ಬುಡ ಅಗೆದು ಬೇರುಸಹಿತ ಕೀಳುತ್ತಾರೆ.

ಎಣ್ಣೆಯನ್ನು ತೆಗೆಯುವ ವಿಧಾನ ತಿಳಿಯಲು ಸರಳ. ಚೇಗನ್ನೂ ಬೇರನ್ನೂ ಪುಡಿಮಾಡಿ ಪಾತ್ರೆಯಲ್ಲಿ ತುಂಬಿ ಹಬೆ ಹಾಯಿಸುತ್ತಾರೆ. ಹಬೆಯೊಡನೆ ಎಣ್ಣೆಯ ಅಂಶವೂ ಆವಿಯಾಗಿ ಹೊರಬರುತ್ತದೆ. ತಣ್ಣಗಾದ ಮೇಲೆ ನೀರು ಕೆಳಗೆ, ಎಣ್ಣೆ ಮೇಲೆ. ಗುಲಾಬಿ, ಮಲ್ಲಿಗೆಗಳ ಸುಗಂಧ ಬೇಗ ಬಿಟ್ಟುಕೊಡುತ್ತದೆ. ಗಂಧದ ಎಣ್ಣೆ ಭಾರವಾದುದು, ಸುಲಭವಾಗಿ ಆವಿಯಾಗದು. ಎರಡು ಮೂರು ದಿನ ಹಗಲಿರುಳು ಹಬೆ ಹಾಯಿಸಬೇಕಾಗುತ್ತದೆ. ಒಳ್ಳೆಯ ಚೇಗಿನಿಂದ ನೂರಕ್ಕೆ ನಾಲ್ಕರಿಂದ ಆರು ಪಾಲು ಎಣ್ಣೆ ಬರುತ್ತದೆ. ಎಂದರೆ ಒಂದು ಕಿಲೋ ಎಣ್ಣೆಗೆ ಸುಮಾರು ಇಪ್ಪತ್ತು ಕಿಲೋ ಚೇಗು ಬೇಕು. ಈ ಇಪ್ಪತ್ತು ಕಿಲೋ ಚೇಗನ್ನು ಕೊರಡುಗಳನ್ನಾಗಿ ಮಾಡಿದರೆ ಒಂದು ಇಡೀ ಊರಿನ ಮನೆಗಳಿಗೆ ಹಂಚಬಹುದೆಂಬುದನ್ನು ಇಲ್ಲಿ ನೆನಪಿಡುವುದು ಒಳ್ಳೆಯದು.

ಆಯುರ್ವೇದದಲ್ಲಿ ಚಂದನಕ್ಕೆ ಪ್ರಾಚೀನ ಕಾಲದಿಂದ ಸ್ಥಾನವಿದೆ. ಶೀತವೀರ್ಯ, ದಾಹಶಾಮಕ, ಪಿತ್ತಹರ ಎಂದು ಅದರ ಗುಣವನ್ನು ವರ್ಣಿಸಲಾಗಿದೆ. ಚಂದನಾಸವ, ಚಂದನಾದಿ ತೈಲ ಮೊದಲಾದ ಹೆಸರುಗಳು ಇಂದಿಗೂ ಔಷಧಿ ಅಂಗಡಿಗಳಲ್ಲಿ ಪರಿಚಿತ. ನಂಜನಗೂಡಿನಲ್ಲಿಯೇ 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ್ದರಿಂದ ಆಯುರ್ವೇದ ಔಷಧಿಗಳ ತಯಾರಿಕೆ ಈ ಸೀಮೆಗೆ ಹೊಸದಲ್ಲ. ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಚಂದನಾದಿ ತೈಲ ಎಂಬುದು ಹಲವು ಮೂಲಿಕೆಗಳೊಡನೆ ಚಂದನವನ್ನು ಎಳ್ಳೆಣ್ಣೆಯಲ್ಲಿ ಕಾಯಿಸಿ ಸಿದ್ಧಪಡಿಸಿದ ತೈಲ. ಅದರಲ್ಲಿರುವ ಗಂಧದ ಸತ್ವ ಅಲ್ಪ. ಹಬೆಯಿಂದ ತೆಗೆದ ಶುದ್ಧ ಶ್ರೀಗಂಧದ ಎಣ್ಣೆ ಇದಕ್ಕಿಂತ ಹಲವು ಪಟ್ಟು ತೀಕ್ಷ್ಣವಾದ ಬೇರೆಯೇ ವಸ್ತು. ಗ್ರಂಥದಲ್ಲಿ ಚಂದನಕ್ಕೆ ಹೇಳಿದ ಗುಣಗಳೆಲ್ಲವನ್ನೂ ಸೀಸೆಯಲ್ಲಿರುವ ಶುದ್ಧ ಎಣ್ಣೆಗೆ ಅಂಟಿಸಿ ಮಾರುವವರಿದ್ದಾರೆ. ಇದು ಶಾಸ್ತ್ರವೂ ಅಲ್ಲ, ವಿಜ್ಞಾನವೂ ಅಲ್ಲ. ಹಾಗೆಯೇ ರಕ್ತಚಂದನ ಬೇರೆ ಕುಲದ ಮರ. ಅದರಲ್ಲಿ ಬಣ್ಣವಿದೆಯೇ ಹೊರತು ಈ ಪರಿಮಳದ ಎಣ್ಣೆ ಇಲ್ಲ. ಹೆಸರಿನ ಸಾಮ್ಯದಿಂದ ಮೋಸಹೋಗಬಾರದು.

ಮನೆಯಲ್ಲಿ ತೇದ ಗಂಧ ತಂಪು ಮಾಡುವುದು ನಿಜವೇ? ನಿಜ. ಆದರೆ ಆ ತಂಪಿನ ಬಹುಪಾಲು ಎಣ್ಣೆಯಿಂದ ಬಂದುದಲ್ಲ. ನುಣ್ಣನೆಯ ಮರದ ಪುಡಿ ನೀರನ್ನು ಹಿಡಿದಿಟ್ಟುಕೊಂಡು ಚರ್ಮದ ಮೇಲೆ ತೆಳುವಾದ ಲೇಪವಾಗುತ್ತದೆ; ಆ ನೀರು ನಿಧಾನವಾಗಿ ಆರುವಾಗ ಚರ್ಮದ ಬಿಸಿಯನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಕ್ರಮವೇ ಇದು. ಜೊತೆಗೆ ಲೇಪದಲ್ಲಿರುವ ಅಲ್ಪ ಪ್ರಮಾಣದ ಎಣ್ಣೆ ಚರ್ಮದ ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಪರಿಮಳ ಮನಸ್ಸಿಗೆ ಹಿತ ನೀಡುತ್ತದೆ. ಅಜ್ಜಿಯರ ಅನುಭವ ಸುಳ್ಳಲ್ಲ. ಆದರೆ ಶುದ್ಧ ಎಣ್ಣೆಯನ್ನು ಅದೇ ಬೆವರುಸಾಲೆಗೆ ಹಚ್ಚಿದರೆ ತಂಪಾಗುವುದಿಲ್ಲ. ನೀರಿಲ್ಲದ ಎಣ್ಣೆ ಬೆವರಿನ ರಂಧ್ರವನ್ನು ಮುಚ್ಚಿ ಉರಿ ಹೆಚ್ಚಿಸಲೂಬಹುದು. ಕೊರಡಿನ ಗುಣವೇ ಬೇರೆ, ಸೀಸೆಯ ಗುಣವೇ ಬೇರೆ.

ಮನೆಯ ಸಾಣೆಕಲ್ಲಿನಿಂದ ಕಾರ್ಖಾನೆಯ ಭಟ್ಟಿಗೆ ಈ ಮರ ಸಾಗಿದ ಕಥೆ ಮೈಸೂರಿನ ಚರಿತ್ರೆಯ ಒಂದು ಅಧ್ಯಾಯ. 1792ರಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಅಂದಿನಿಂದ ಮರ ಯಾರ ಹೊಲದಲ್ಲಿದ್ದರೂ ಅದರ ಒಡೆತನ ದೊರೆತನಕ್ಕೆ ಸೇರಿತು. ಬ್ರಿಟಿಷ್ ಆಡಳಿತವೂ, ಅನಂತರದ ಒಡೆಯರ ಸರ್ಕಾರವೂ ಈ ಪದ್ಧತಿಯನ್ನು ಬಿಡಲಿಲ್ಲ. ಗಂಧದ ಆದಾಯ ಬಿಡುವಂತಹದಾಗಿರಲಿಲ್ಲ. ಮರವನ್ನು ಹರಾಜಿನಲ್ಲಿ ಮಾರುವುದು, ಕೊಂಡವರು ಅದನ್ನು ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ ಸಾಗಿಸುವುದು, ಅಲ್ಲಿ ಎಣ್ಣೆ ತೆಗೆಯುವುದು ವಾಡಿಕೆಯಾಗಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಈ ವ್ಯಾಪಾರ ಒಮ್ಮೆಲೇ ನಿಂತಿತು. ಕೋಠಿಗಳಲ್ಲಿ ಮರ ರಾಶಿಬಿದ್ದಿತು.

ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ. ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಅವರ ಮುತುವರ್ಜಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನವಿಜ್ಞಾನಿಗಳು ಎಣ್ಣೆ ತೆಗೆಯುವ ಪ್ರಯೋಗ ನಡೆಸಿದರು. 1916ರಲ್ಲಿ ಸರ್ಕಾರವೇ ಈ ಉದ್ಯಮಕ್ಕೆ ಕೈಹಾಕಿತು. ಮೈಸೂರಿನ ಮಾನಂದವಾಡಿ ರಸ್ತೆಯ ಶ್ರೀಗಂಧದ ಎಣ್ಣೆ ಕಾರ್ಖಾನೆ ಲೋಕಪ್ರಸಿದ್ಧವಾದದ್ದು ಹೀಗೆ. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆ ಬಂದಿತು. ಅದಕ್ಕೆ ರೂಪ ಕೊಟ್ಟ ರಸಾಯನತಜ್ಞ ಎಸ್. ಜಿ. ಶಾಸ್ತ್ರಿಯವರು, ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು ‘ಸೋಪು ಶಾಸ್ತ್ರಿ’ ಎಂದೇ ಹೆಸರಾದವರು. ಅವರ ಹೆಸರಿನ ಮೊದಲ ಅಕ್ಷರ ಸೋಸಲೆಯದು; ಮೂಗೂರಿನಂತೆಯೇ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಸಲೆ. ತಾಲ್ಲೂಕಿನ ಶಾಲೆಗಳಲ್ಲಿ ಈ ಮಾತನ್ನು ಮಕ್ಕಳಿಗೆ ಯಾರೂ ಹೇಳಿದಂತೆ ಕಾಣುವುದಿಲ್ಲ. 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು ಎಣ್ಣೆ ಕಾರ್ಖಾನೆ ಸ್ಥಾಪಿತವಾಯಿತು. 1980ರಲ್ಲಿ ಇವೆಲ್ಲ ಒಂದಾಗಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವಾದವು. ಮುಂದೆ ಮೈಸೂರು ಶ್ರೀಗಂಧದ ಎಣ್ಣೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು.

ಕಚ್ಚಾ ಮರ ಮಾರಿಕೊಂಡು ಕುಳಿತಿದ್ದ ಸಂಸ್ಥಾನ ಸ್ವಂತ ವಿಜ್ಞಾನದಿಂದ ಸಿದ್ಧವಸ್ತು ತಯಾರಿಸಿದ್ದು ಸಣ್ಣ ಸಾಧನೆಯಲ್ಲ. ಅದನ್ನು ಮೆಚ್ಚಲೇಬೇಕು. ಆದರೆ ಭಟ್ಟಿಗೆ ಮರ ಒದಗಿಸಿದ ಕಾಡು ಮತ್ತು ಬದುಗಳ ಲೆಕ್ಕವನ್ನೂ ಅದರ ಪಕ್ಕದಲ್ಲಿ ಇಡಬೇಕು.

ಅಂದು ಈ ಎಣ್ಣೆಗೆ ಅಷ್ಟು ಬೇಡಿಕೆ ಇದ್ದುದೇಕೆ? ಸುಗಂಧದ್ರವ್ಯ ಒಂದು ಕಾರಣ. ಕನೌಜಿನ ಅತ್ತರು ತಯಾರಕರು ಗುಲಾಬಿ, ಕೇದಗೆ, ಮಲ್ಲಿಗೆಗಳ ಆವಿಯನ್ನು ಶ್ರೀಗಂಧದ ಎಣ್ಣೆಯಲ್ಲಿಯೇ ಹಿಡಿಯುತ್ತಿದ್ದರು. ಹಾರಿಹೋಗುವ ಪರಿಮಳವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆಯ ಬೆಲೆ ಏರಿದ ಮೇಲೆ ಅಲ್ಲಿಯೂ ಹಲವರು ಖನಿಜತೈಲದ ಕಡೆಗೆ ತಿರುಗಿದರು. ಇನ್ನೊಂದು ಕಾರಣ ಔಷಧಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಯೂರೋಪಿನ ವೈದ್ಯರು ಮೂತ್ರನಾಳದ ಸೋಂಕಿಗೆ, ವಿಶೇಷವಾಗಿ ಗೊನೊರಿಯಾ ಎಂಬ ಲೈಂಗಿಕ ರೋಗಕ್ಕೆ ಈ ಎಣ್ಣೆಯನ್ನು ಗುಳಿಗೆಗಳಲ್ಲಿ ತುಂಬಿ ಕೊಡುತ್ತಿದ್ದರು. ಉರಿ ಕಡಿಮೆಯಾಗುತ್ತಿತ್ತು, ರೋಗ ಬೇರುಸಹಿತ ಹೋಗುತ್ತಿರಲಿಲ್ಲ. 1930ರ ದಶಕದ ಸಲ್ಫಾ ಔಷಧಿಗಳು, 1940ರ ದಶಕದ ಪೆನಿಸಿಲಿನ್ ಬಂದ ಮೇಲೆ ವೈದ್ಯರು ಗಂಧದ ಎಣ್ಣೆಯನ್ನು ಕೈಬಿಟ್ಟರು. ಯಾರ ಪಿತೂರಿಯೂ ಅಲ್ಲ, ಹೆಚ್ಚು ಗುಣಕಾರಿಯಾದ ಔಷಧಿ ಬಂದುದೇ ಕಾರಣ. ಮುಂದೆ ಜರ್ಮನಿಯ ಗಿಡಮೂಲಿಕೆ ತಜ್ಞರ ಸಮಿತಿ ಶ್ರೀಗಂಧವನ್ನು ಮೂತ್ರನಾಳದ ಸೋಂಕಿಗೆ ಪೂರಕವಾಗಿ ಮಾತ್ರ ಒಪ್ಪಿ, ಮೂತ್ರಪಿಂಡದ ರೋಗವಿರುವವರು ಬಳಸಬಾರದೆಂದೂ, ವೈದ್ಯರ ಸಲಹೆಯಿಲ್ಲದೆ ಆರು ವಾರ ಮೀರಬಾರದೆಂದೂ ಎಚ್ಚರಿಸಿತು.

ಇಂದಿನ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಎಣ್ಣೆಯ ಮುಖ್ಯ ಸತ್ವ ಸಂಟಾಲಾಲ್. ಇದು ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳಲ್ಲಿದೆ. ಅಂತರರಾಷ್ಟ್ರೀಯ ಮಾನದಂಡದಂತೆ ಒಳ್ಳೆಯ ಎಣ್ಣೆಯಲ್ಲಿ ಆಲ್ಫಾ ನೂರಕ್ಕೆ 41ರಿಂದ 55, ಬೀಟಾ 16ರಿಂದ 24 ಇರಬೇಕು. ಪ್ರಯೋಗಾಲಯದ ತಟ್ಟೆಗಳಲ್ಲಿ ಈ ಸತ್ವ ಕೆಲವು ಬ್ಯಾಕ್ಟೀರಿಯಾಗಳ, ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆದಿದೆ. ಅಮೆರಿಕದ ದಕ್ಷಿಣ ಡಕೋಟಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಚಂದ್ರಧರ ದ್ವಿವೇದಿಯವರ ತಂಡ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಚರ್ಮದ ಗಂತಿಗಳು ಕಡಿಮೆಯಾದುದು ಕಂಡುಬಂದಿದೆ. 2014ರಲ್ಲಿ ಜರ್ಮನಿಯ ಬೋಖುಮ್ ನಗರದ ವಿಜ್ಞಾನಿಗಳು ಮನುಷ್ಯನ ಚರ್ಮದ ಕೋಶಗಳಲ್ಲಿಯೂ ವಾಸನೆಯನ್ನು ಗ್ರಹಿಸುವ ಅಂಶವೊಂದಿದೆ, ಗಂಧದ ವಾಸನೆಯ ರಾಸಾಯನಿಕ ಅದನ್ನು ಪ್ರಚೋದಿಸಿದಾಗ ಗಾಯ ಬೇಗ ಮಾಯುವ ಸೂಚನೆ ಇದೆ ಎಂದು ವರದಿ ಮಾಡಿದರು. ಈ ಸುದ್ದಿಯನ್ನು ಹಿಡಿದು ಗಂಧದ ಎಣ್ಣೆ ಗಾಯ ಮಾಯಿಸುತ್ತದೆ ಎಂದು ಜಾಹೀರಾತು ಬರೆದವರೇ ಹೆಚ್ಚು. ಆದರೆ ಆ ಪ್ರಯೋಗದಲ್ಲಿ ಕೆಲಸ ಮಾಡಿದ್ದು ಕಾರ್ಖಾನೆಯಲ್ಲಿ ತಯಾರಾದ ಕೃತಕ ಸುಗಂಧ; ಮರದ ಎಣ್ಣೆಯಲ್ಲ.

ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತ ಮಾತ್ರಕ್ಕೆ ಮನುಷ್ಯನ ರೋಗ ವಾಸಿಯಾಗದು. ಇಲಿಯ ಚರ್ಮ ಮನುಷ್ಯನ ಚರ್ಮವಲ್ಲ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಸಣ್ಣವು, ಕೆಲವೇ. ಇಷ್ಟರ ಮೇಲೆ ಗಂಧದ ಎಣ್ಣೆ ಕ್ಯಾನ್ಸರ್ ಗುಣಪಡಿಸುತ್ತದೆ, ಸಕ್ಕರೆ ಕಾಯಿಲೆ ಇಳಿಸುತ್ತದೆ, ದಿನಕ್ಕೆ ಎರಡು ಹನಿ ಹಾಲಿನಲ್ಲಿ ಕುಡಿಯಿರಿ ಎಂದು ಊರೂರು ತಿರುಗಿ ಮಾರುವುದು ರೋಗಿಯ ಜೀವದೊಡನೆ ಚೆಲ್ಲಾಟವಾಡಿದಂತೆ. ಶುದ್ಧ ಎಣ್ಣೆಯನ್ನು ನುಂಗಬಾರದು. ಶಿಶುಗಳಿಗೆ, ಬಸುರಿಯರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಬೇಡವೇ ಬೇಡ. ಚರ್ಮಕ್ಕೆ ಹಚ್ಚುವುದಿದ್ದರೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ತೆಳುಮಾಡಿ, ಮೊದಲು ಮೊಣಕೈಯ ಒಳಭಾಗದಲ್ಲಿ ಒಂದಿಷ್ಟು ಹಚ್ಚಿ ಒಂದು ದಿನ ಕಾಯಬೇಕು. ಕೆಲವರ ಚರ್ಮಕ್ಕೆ ಇದು ಒಗ್ಗದೆ ಕೆಂಪಾಗಿ ತುರಿಕೆ ಬರುವುದುಂಟು. ಕಣ್ಣಿನ ಹತ್ತಿರ ಎಂದೂ ಬಳಸಬಾರದು.

ಇನ್ನು ಕಲಬೆರಕೆಯ ಮಾತು. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಸೀಸೆಗಳಲ್ಲಿ ಹರಳೆಣ್ಣೆ, ಖನಿಜತೈಲ, ಕೃತಕ ಸುಗಂಧಗಳೇ ಹೆಚ್ಚು. ಸರಿಯಾದ ಪರೀಕ್ಷೆಗೆ ಅನಿಲ ವರ್ಣರೇಖನ ಯಂತ್ರ ಬೇಕು. ಆದರೂ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಒಂದು ಪಾಲು ಎಣ್ಣೆಯನ್ನು ನೂರಕ್ಕೆ 70ರ ಸಾಂದ್ರತೆಯ ಐದು ಪಾಲು ಮದ್ಯಸಾರದಲ್ಲಿ ಕದಡಿದರೆ ಶುದ್ಧ ಶ್ರೀಗಂಧದ ಎಣ್ಣೆ ತಿಳಿಯಾಗಿ ಕರಗುತ್ತದೆ. ಹರಳೆಣ್ಣೆಯೋ ಖನಿಜತೈಲವೋ ಬೆರೆತಿದ್ದರೆ ದ್ರಾವಣ ಬೆಳ್ಳಗೆ ಮಬ್ಬಾಗುತ್ತದೆ. ಕೃತಕ ಸುಗಂಧವನ್ನು ಈ ಪರೀಕ್ಷೆ ಹಿಡಿಯಲಾರದು. ಕೊಬ್ಬಿನ ಎಣ್ಣೆಯ ಮೋಸವನ್ನಂತೂ ಹಿಡಿಯುತ್ತದೆ.

ಈಗ ಮರಕ್ಕೆ ಬರೋಣ. ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಭಾರತದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಗಂಧದ ಚೇಗು ದೊರೆಯುತ್ತಿತ್ತೆಂಬ ಅಂದಾಜಿದೆ. 2000ದ ದಶಕದ ವೇಳೆಗೆ ಅದು ಕೆಲವು ನೂರು ಟನ್ನುಗಳಿಗೆ ಕುಸಿಯಿತು. 1998ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಶ್ರೀಗಂಧವು ಅಪಾಯಕ್ಕೀಡಾಗಬಲ್ಲ ಜಾತಿಯೆಂದು ದಾಖಲಾಗಿದೆ. ಮನೆಮನೆಯ ಸಾಣೆಕಲ್ಲು ಇದಕ್ಕೆ ಕಾರಣವಲ್ಲವೆಂಬುದು ಸ್ಪಷ್ಟ.

ರೋಗ ಒಂದು ಕಾರಣ. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗದಲ್ಲಿ ಎಲೆಗಳು ಕಿರಿದಾಗಿ, ಗೆಣ್ಣುಗಳು ಹತ್ತಿರವಾಗಿ, ರೆಂಬೆಯ ತುದಿ ಮುಳ್ಳಿನ ಪೊರಕೆಯಂತೆ ನೆಟ್ಟಗಾಗುತ್ತದೆ. ಹೂವು ಕಾಯಿ ನಿಲ್ಲುತ್ತವೆ. ಎರಡು ಮೂರು ವರ್ಷಗಳಲ್ಲಿ ಮರ ಸಾಯುತ್ತದೆ. ಫೈಟೊಪ್ಲಾಸ್ಮ ಎಂಬ ಅತಿಸೂಕ್ಷ್ಮ ಜೀವಿ ಇದರ ಮೂಲ. ರಸ ಹೀರುವ ಕೀಟಗಳು ಅದನ್ನು ಹರಡುತ್ತವೆ. ಇಂದಿಗೂ ಇದಕ್ಕೆ ಖಚಿತವಾದ ಮದ್ದಿಲ್ಲ. ಕಳ್ಳಸಾಗಣೆ ಇನ್ನೊಂದು ಕಾರಣ. ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವೀರಪ್ಪನ್ 2004ರ ಅಕ್ಟೋಬರಿನಲ್ಲಿ ಹತನಾಗುವವರೆಗೆ ನಡೆದುದನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆತ ಸತ್ತ ಮೇಲೂ ಕಳ್ಳತನ ನಿಲ್ಲಲಿಲ್ಲವೆಂಬುದು ಮಾತ್ರ ಗಮನಾರ್ಹ. ಊರ ಹಿತ್ತಿಲುಗಳಲ್ಲಿ, ಸರ್ಕಾರಿ ಕಚೇರಿಗಳ ಆವರಣಗಳಲ್ಲಿ ರಾತ್ರೋರಾತ್ರಿ ಮರ ಮಾಯವಾದ ಸುದ್ದಿ ಇಂದಿಗೂ ಬರುತ್ತದೆ.

ಇವೆರಡಕ್ಕಿಂತ ಆಳವಾದ ಕಾರಣವೊಂದಿದೆ. ಅದು ಕಾನೂನು. ಎರಡು ಶತಮಾನಗಳ ಕಾಲ ರೈತನ ಬದುವಿನಲ್ಲಿ ಹುಟ್ಟಿದ ಗಂಧದ ಗಿಡ ರೈತನದಾಗಿರಲಿಲ್ಲ. ಅವನು ಅದನ್ನು ಕಾಯಬೇಕು, ಕಡಿಯುವಂತಿಲ್ಲ. ಕಳುವಾದರೆ ಉತ್ತರ ಹೇಳಬೇಕಾದವನೂ ಅವನೇ. ಮರ ಬಲಿತ ಮೇಲೆ ಸರ್ಕಾರ ಕಿತ್ತೊಯ್ದು, ಒಂದು ಪಾಲಿನ ಹಣವನ್ನು ಯಾವಾಗಲೋ ಕೊಡುತ್ತಿತ್ತು. ಹೀಗಿರುವಾಗ ಯಾವ ಬುದ್ಧಿವಂತ ರೈತ ತನ್ನ ಬೇಲಿಯಲ್ಲಿ ಹಕ್ಕಿ ಹಾಕಿದ ಸಸಿಯನ್ನು ಬೆಳೆಯಲು ಬಿಟ್ಟಾನು? ಇಬ್ಬೆರಳಿನಲ್ಲಿ ಕೀಳಬಹುದಾದ ಎಳೆಯ ಸಸಿಯನ್ನು ಸದ್ದಿಲ್ಲದೆ ಕಿತ್ತೆಸೆದದ್ದು ಅವನ ದುರಾಸೆಯಿಂದಲ್ಲ, ತಂಟೆ ಬೇಡವೆಂಬ ಕಾರಣದಿಂದ. ಕಳ್ಳರು ದೊಡ್ಡ ಮರಗಳನ್ನು ಒಯ್ದರು. ಕಾನೂನು ನಾಳೆಯ ಮರಗಳನ್ನು ಸಸಿಯಲ್ಲಿಯೇ ಇಲ್ಲವಾಗಿಸಿತು. ಯಾವ ಅಂಕಿಅಂಶದಲ್ಲಿಯೂ ಈ ಎರಡನೆಯ ನಷ್ಟ ಸೇರಿಲ್ಲ.

2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು, ಜಮೀನಿನಲ್ಲಿರುವ ಶ್ರೀಗಂಧದ ಮರಕ್ಕೆ ಜಮೀನಿನವನೇ ಹಕ್ಕುದಾರನೆಂದು ಒಪ್ಪಲಾಯಿತು. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬ ನಿಯಮ ಉಳಿಯಿತು, ಮಾರಾಟವೂ ಸರ್ಕಾರದ ಸಂಸ್ಥೆಗಳ ಬಾಗಿಲಿಗೇ ಸೀಮಿತವಾಗಿತ್ತು. 2022ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ಹೊಸ ಶ್ರೀಗಂಧ ನೀತಿ ಬೆಳೆಗಾರನಿಗೆ ಮುಕ್ತ ಮಾರುಕಟ್ಟೆಯ ದಾರಿಯನ್ನು ತೆರೆಯುವ ಉದ್ದೇಶ ಹೊಂದಿದೆ. ತಡವಾಗಿ ಬಂದರೂ ಇವು ಸರಿಯಾದ ಹೆಜ್ಜೆಗಳು. ಇಷ್ಟರಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಕುನುನುರ್ರಾ ಎಂಬಲ್ಲಿ ನದಿಯ ನೀರಾವರಿಯ ಕೆಳಗೆ ಸಾವಿರಾರು ಎಕರೆಯಲ್ಲಿ ಇದೇ ಭಾರತದ ಶ್ರೀಗಂಧ ಬೆಳೆದು ಎಣ್ಣೆ ಮಾರುಕಟ್ಟೆಗೆ ಬಂದಾಗಿದೆ.

ಕಾನೂನು ಸಡಿಲವಾದೊಡನೆ ಹೊಸದೊಂದು ಪೀಡೆಯೂ ಹುಟ್ಟಿಕೊಂಡಿದೆ. ಎಕರೆಗೆ ಇಷ್ಟು ಸಸಿ ನೆಟ್ಟರೆ ಹದಿನೈದು ವರ್ಷಕ್ಕೆ ಇಷ್ಟು ಕೋಟಿ ಎಂದು ಕಾಗದದ ಮೇಲೆ ಲೆಕ್ಕ ತೋರಿಸಿ ಸಸಿ ಮಾರುವ ದಲ್ಲಾಳಿಗಳು ಹಳ್ಳಿಗಳಿಗೆ ಬರುತ್ತಿದ್ದಾರೆ. ಆ ಲೆಕ್ಕದಲ್ಲಿ ಪ್ರತಿಯೊಂದು ಸಸಿಯೂ ಬದುಕುತ್ತದೆ, ಪ್ರತಿಯೊಂದು ಮರವೂ ಒಂದೇ ಸಮನೆ ಚೇಗು ಕಟ್ಟುತ್ತದೆ, ಕಳ್ಳ ಬರುವುದಿಲ್ಲ, ಸ್ಪೈಕ್ ರೋಗ ಬರುವುದಿಲ್ಲ. ಒಂದೇ ತಾಯಿಮರದ ಬೀಜದ ಗಿಡಗಳಲ್ಲಿಯೂ ಚೇಗಿನ ಪ್ರಮಾಣ ಒಂದಕ್ಕೊಂದು ತೀರ ಬೇರೆಯಾಗಿರುವುದುಂಟು. ಬಲಿತ ತೋಟಕ್ಕೆ ಹಗಲಿರುಳು ಕಾವಲು ಬೇಕು; ಕಾವಲಿನ ಖರ್ಚು ದಲ್ಲಾಳಿಯ ಕಾಗದದಲ್ಲಿ ಇರುವುದೇ ಇಲ್ಲ. ಭತ್ತ ಬೆಳೆಯುವ ನಾಲೆ ಬಯಲನ್ನು ಸಾಲಮಾಡಿ ಗಂಧದ ತೋಪಾಗಿಸುವುದು ಈ ಭಾಗದ ಸಣ್ಣ ರೈತರಿಗೆ ತಕ್ಕುದಲ್ಲ. ನೀರು ನಿಲ್ಲುವ ನೆಲ ಈ ಮರಕ್ಕೆ ಒಗ್ಗುವುದೂ ಇಲ್ಲ.

ತಕ್ಕುದಾದದ್ದು ಬದು, ಬೇಲಿ, ಹಿತ್ತಿಲು. ಕೆಂಪು ಮಣ್ಣಿನ ಖುಷ್ಕಿ ಹೊಲದ ಅಂಚಿನಲ್ಲಿ ಹೊಂಗೆ, ಬೇವುಗಳ ನಡುವೆ ನಾಲ್ಕಾರು ಗಂಧದ ಗಿಡಗಳಿದ್ದರೆ ಬೆಳೆಗೆ ತೊಂದರೆಯಿಲ್ಲ. ಬೀಜದಿಂದ ಸಸಿ ಮಾಡುವವರು ಹಣ್ಣಿನ ತಿರುಳು ತೊಳೆದು ನೆರಳಿನಲ್ಲಿ ಒಣಗಿಸಿ ಎರಡು ತಿಂಗಳು ಇಟ್ಟು ಬಿತ್ತಬೇಕು. ಹೊಸ ಬೀಜಕ್ಕೆ ನಿದ್ರಾವಸ್ಥೆ ಇರುತ್ತದೆ. ಜಿಬ್ಬರೆಲಿಕ್ ಆಮ್ಲದ ತೆಳು ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿದರೆ ಮೊಳಕೆ ಬೇಗ ಬರುತ್ತದೆ. ಸಸಿ ಚೀಲದಲ್ಲಿರುವಾಗಲೇ ಪಕ್ಕದಲ್ಲಿ ಒಂದು ತೊಗರಿ ಅಥವಾ ಹೊನಗೊನೆ ಗಿಡ ಇರಬೇಕು. ಆಶ್ರಯಗಿಡ ಸಸಿಗಿಂತ ಎತ್ತರ ಬೆಳೆದು ನೆರಳು ಕವಿದರೆ ತುದಿ ಚಿವುಟಬೇಕು. ಹೊಲಕ್ಕೆ ನೆಟ್ಟ ಮೇಲೆ ಮೊದಲ ವರ್ಷ ತೊಗರಿ, ಅನಂತರ ಬಹುಕಾಲ ಬಾಳುವ ಹೊಂಗೆಯೋ ಸರ್ವೆಯೋ ಜೊತೆಗಿರಬೇಕು. ಆಡು ಕುರಿಗಳಿಗೆ ಇದರ ಎಲೆ ಬಲು ಇಷ್ಟ. ಮೊದಲ ಎರಡು ಮೂರು ವರ್ಷ ಮುಳ್ಳು ಕಟ್ಟದೆ ವಿಧಿಯಿಲ್ಲ. ಮರಗಳ ಸಂಖ್ಯೆಯನ್ನು ಪಹಣಿಯಲ್ಲಿ ನಮೂದು ಮಾಡಿಸಿಕೊಂಡರೆ ಮುಂದೆ ಅನುಮತಿ ಕೇಳುವಾಗ ಅಲೆದಾಟ ತಪ್ಪುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಈ ಮಳೆಗಾಲ ಮುಗಿಯುವುದರೊಳಗೆ ತಂತಮ್ಮ ಊರಿನ ಬೇಲಿಸಾಲುಗಳನ್ನು ನಡೆದು ನೋಡಿ, ಹಕ್ಕಿ ಬಿತ್ತಿದ ಗಂಧದ ಸಸಿಗಳೆಷ್ಟು, ಅವುಗಳ ಪಕ್ಕದಲ್ಲಿ ಯಾವ ಗಿಡಗಳಿವೆ, ಸ್ಪೈಕ್ ರೋಗದ ಗುರುತು ಎಲ್ಲಿಯಾದರೂ ಇದೆಯೇ ಎಂದು ಬರೆದಿಡಬೇಕು. ಬೇಲಿ ಸವರುವ ಮುನ್ನ ಹೊಲದ ಯಜಮಾನರಿಗೆ ಸಸಿಯನ್ನು ತೋರಿಸಿ, ಈಗ ಮರ ಅವರದೇ ಎಂಬ ಮಾತನ್ನು ತಿಳಿಸಬೇಕು. ಎಷ್ಟೋ ಹಿರಿಯರಿಗೆ ಕಾನೂನು ಬದಲಾದ ಸಂಗತಿ ಇನ್ನೂ ತಲುಪಿಲ್ಲ. ಆದರೆ ಆ ಪುಸ್ತಕ ಊರಿನಲ್ಲಿಯೇ ಇರಲಿ. ಯಾರ ಹಿತ್ತಿಲಿನಲ್ಲಿ ಎಷ್ಟು ದಪ್ಪದ ಮರ ಇದೆಯೆಂಬ ವಿವರವನ್ನು ಪತ್ರಿಕೆಗೂ ಕೊಡಬಾರದು, ಮೊಬೈಲಿನಲ್ಲಿಯೂ ಹಂಚಬಾರದು. ಅದನ್ನು ಓದಲು ಕಾದಿರುವವರು ಬೇರೆಯೇ ಇದ್ದಾರೆ.